ಗಣಕಯಂತ್ರ ಹಾಗೂ ದತ್ತಾಂಶ ಸಂವಹನದ ಪರಿಭಾಷೆ: ಗ್ರಂಥಸಂಪಾದಕರ ದೃಷ್ಟಿಯಿಂದ ಒಂದು ವಿವೇಚನೆ

ಯಾವುದೇ ಶಾಸ್ತ್ರವನ್ನು ಪ್ರವೇಶಿಸುವವರು ಮೊದಲು ಅದರ ಪರಿಭಾಷೆಯನ್ನು ಅರಿಯಬೇಕೆಂಬುದು ನಮ್ಮ ವಿದ್ವತ್ ಪರಂಪರೆಯಲ್ಲಿ ಬಹುಕಾಲದಿಂದ ಒಪ್ಪಿತವಾಗಿರುವ ನಿಯಮ. ಗುರು-ಲಘುಗಳ ಭೇದವನ್ನು ತಿಳಿಯದೆ ಛಂದೋಂಬುಧಿಯನ್ನು ಓದಲಾಗದು. ಸಂಧಿ-ಸಮಾಸಗಳ ಅರ್ಥವನ್ನು ಅರಿಯದವರಿಗೆ ಶಬ್ದಮಣಿದರ್ಪಣದ ಬಾಗಿಲು ತೆರೆಯದು. ಆದರೆ ಇಂದು ನಮ್ಮೆಲ್ಲರ ನಿತ್ಯೋಪಕರಣವಾಗಿರುವ ಗಣಕಯಂತ್ರದ ವಿಷಯದಲ್ಲಿ ಮಾತ್ರ ನಾವು ಈ ನಿಯಮವನ್ನು ಸಡಿಲಿಸಿಕೊಂಡಿದ್ದೇವೆ. ಅದರ ಮೇಲೆ ಬರೆಯುತ್ತೇವೆ, ಅದರಲ್ಲಿ ಪಾಠಾಂತರಗಳನ್ನು ಸಂಗ್ರಹಿಸುತ್ತೇವೆ, ಅದರ ಮೂಲಕ ಕಳುಹಿಸುತ್ತೇವೆ. ಅದರ ಅಂಗಾಂಗಗಳ ಹೆಸರುಗಳನ್ನು ಮಾತ್ರ ಯಂತ್ರ ದುರಸ್ತಿ ಮಾಡುವವರ ಸೊತ್ತೆಂದು ಬಿಟ್ಟುಬಿಟ್ಟಿದ್ದೇವೆ.

ಕರ್ನಾಟಕದ ಹೊರಗೆ ನೆಲೆಸಿರುವ ಸಂಶೋಧಕರಿಗೆ ಈ ಉಪೇಕ್ಷೆ ಹೆಚ್ಚು ದುಬಾರಿಯಾದದ್ದು. ಮೈಸೂರಿನಲ್ಲಿಯೋ ಧಾರವಾಡದಲ್ಲಿಯೋ ಇರುವವರು ಹಸ್ತಪ್ರತಿ ಭಂಡಾರಕ್ಕೆ ಮತ್ತೊಮ್ಮೆ ಹೋಗಿ ಬರಬಹುದು. ದೆಹಲಿಯಲ್ಲಿಯೋ ಪುಣೆಯಲ್ಲಿಯೋ ಇರುವವರಿಗೆ ಯಂತ್ರದೊಳಗಿನ ಪ್ರತಿಯೇ ಬಹುಪಾಲು ಆಧಾರ. ಅದು ಕೆಟ್ಟಾಗ ನೆರವಿಗೆ ಬರುವ ತಂತ್ರಜ್ಞನಿಗೆ ಕನ್ನಡ ತಿಳಿದಿರುವುದಿಲ್ಲ; ನಮಗೆ ಅವನ ಮಾತು ತಿಳಿದಿರುವುದಿಲ್ಲ. ಈ ಎರಡು ಅಜ್ಞಾನಗಳ ನಡುವೆ ಪಠ್ಯವೊಂದು ನಷ್ಟವಾಗಬಹುದು. ಗಣಕ ವಿಜ್ಞಾನವನ್ನು ಬೋಧಿಸುವುದು ಈ ಲೇಖನದ ಉದ್ದೇಶವಲ್ಲ. ಅದು ನಮ್ಮ ಅಧಿಕಾರದ ವ್ಯಾಪ್ತಿಗೆ ಸೇರಿದ್ದೂ ಅಲ್ಲ. ನಮ್ಮ ಪಠ್ಯ ಯಾವ ಕ್ಷಣದಲ್ಲಿ ಎಲ್ಲಿದೆ, ಯಾವ ರೂಪದಲ್ಲಿದೆ ಎಂದು ಹೇಳಲು ಬೇಕಾಗುವಷ್ಟು ಪದಗಳನ್ನು ಮಾತ್ರ ಇಲ್ಲಿ ವಿವೇಚಿಸಿದ್ದೇವೆ.

1. ಒಂದು ಪದದ ಬೆಲೆ

ಇದು 1998ರ ಮಾತು. ಆಗ ನಾವು ಹೊರನಾಡಿನ ಒಂದು ನಗರದಲ್ಲಿ ಸಂಶೋಧನ ವಿದ್ಯಾರ್ಥಿಗಳಾಗಿದ್ದೆವು. ಭಾಮಿನಿ ಷಟ್ಪದಿಯ ಒಂದು ಅಪ್ರಕಟಿತ ಕಾವ್ಯವನ್ನು ನಾಲ್ಕು ಹಸ್ತಪ್ರತಿಗಳ ಆಧಾರದಿಂದ ಸಂಪಾದಿಸುವ ಕೆಲಸ ನಡೆದಿತ್ತು. ಮೂರು ಪ್ರತಿಗಳು ಭಂಡಾರಗಳಲ್ಲಿದ್ದವು. ನಾಲ್ಕನೆಯದು ಹಳ್ಳಿಯೊಂದರ ಮನೆತನದಲ್ಲಿದ್ದ ಓಲೆಗರಿಯ ಕಟ್ಟು. ಮನೆಯವರು ಎಂಟು ದಿನಗಳ ಮಟ್ಟಿಗೆ ಅದನ್ನು ನೋಡಲು ಕೊಟ್ಟಿದ್ದರು. ನಾಲ್ಕೂ ಪ್ರತಿಗಳ ಪಾಠಾಂತರಗಳನ್ನು ವಿಭಾಗದ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದೆವು. ಏಳನೆಯ ಸಂಧಿಯವರೆಗಿನ ಭಾಗಕ್ಕೆ ಮಾತ್ರ ಫ್ಲಾಪಿಯಲ್ಲಿ ಪ್ರತಿ ಇತ್ತು. ಕೈಬರಹದ ಟಿಪ್ಪಣಿಗಳನ್ನು, ಇನ್ನೇಕೆ ಎಂದು, ಉಳಿಸಿಕೊಂಡಿರಲಿಲ್ಲ.

ಯಂತ್ರ ನಿಧಾನವಾಯಿತೆಂದು ತಂತ್ರಜ್ಞನೊಬ್ಬನನ್ನು ಕರೆಸಿದೆವು. ಅವನು ಪರೀಕ್ಷಿಸಿ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದ. ಪ್ರಬಂಧದ ಅಂಚು, ಸಾಲಿನ ಅಂತರ, ಅಕ್ಷರದ ಗಾತ್ರ ಇವನ್ನು ಸರಿಪಡಿಸುವುದಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆಂದು ನಮಗೆ ಗೊತ್ತಿತ್ತು. ಆಗಲಿ ಎಂದೆವು. ಸಂಜೆ ಅವನು ಹೊಚ್ಚಹೊಸದರಂತೆ ಶುಭ್ರವಾದ ಯಂತ್ರವನ್ನು ಒಪ್ಪಿಸಿ ಹೋದ. ಅದರಲ್ಲಿ ಏನೂ ಇರಲಿಲ್ಲ. ಅವನ ಪರಿಭಾಷೆಯಲ್ಲಿ ಆ ಪದಕ್ಕೆ ತಟ್ಟೆಯನ್ನು ಬರಿದುಗೊಳಿಸಿ ಹೊಸದಾಗಿ ಗೆರೆ ಎಳೆಯುವುದು ಎಂದರ್ಥ. ಅವನು ಕೇಳಿಯೇ ಮಾಡಿದ್ದ. ತಿಳಿಯದೆ ಒಪ್ಪಿದವರು ನಾವು.

ಮೂರು ಪ್ರತಿಗಳನ್ನು ಮತ್ತೆ ಹೋಲಿಸಲು ಎರಡು ವರ್ಷ ಹಿಡಿಯಿತು. ನಾಲ್ಕನೆಯದಕ್ಕಾಗಿ ಆ ಹಳ್ಳಿಗೆ ಹೋದಾಗ ಮನೆ ಮಾರಾಟವಾಗಿತ್ತು. ಕಟ್ಟು ಯಾರ ಕೈಸೇರಿತೆಂದು ಹೇಳಬಲ್ಲವರಿರಲಿಲ್ಲ. ಆ ಪ್ರಬಂಧದ ಅಡಿಟಿಪ್ಪಣಿಗಳಲ್ಲಿ ಎಂಟನೆಯ ಸಂಧಿಯಿಂದ ಮುಂದೆ ನಾಲ್ಕನೆಯ ಪ್ರತಿಯ ಸಂಕೇತಾಕ್ಷರ ಎಲ್ಲಿಯೂ ಬರುವುದಿಲ್ಲ. ಕಾರಣವನ್ನು ಅಲ್ಲಿ ಬರೆದಿರಲಿಲ್ಲ; ಇಲ್ಲಿ ಬರೆದಿದ್ದೇವೆ.

2. ಹೆಸರುಗಳ ಮೂಲ

ನಮ್ಮ ವೈಯಾಕರಣರು ಪದಗಳನ್ನು ದೇಶ್ಯ, ಅನ್ಯದೇಶ್ಯ, ತತ್ಸಮ, ತದ್ಭವಗಳೆಂದು ವಿಂಗಡಿಸುತ್ತಾರೆ. ಗಣಕದ ಕನ್ನಡ ಪರಿಭಾಷೆಯಲ್ಲಿಯೂ ಇಂಥ ಬಗೆಗಳನ್ನು ಕಾಣಬಹುದು. ಫ್ಲಾಪಿ, ಮೋಡೆಮ್, ಬೈಟ್ ಇವು ಅನ್ಯದೇಶ್ಯಗಳು. ಯಂತ್ರಾಂಶ, ತಂತ್ರಾಂಶ, ದತ್ತಾಂಶ ಇವು ಸಂಸ್ಕೃತದ ಧಾತುಗಳಿಂದ ಹೊಸದಾಗಿ ಕಟ್ಟಿದವು. ಇವುಗಳಲ್ಲದೆ ಹಳೆಯ ಪದಕ್ಕೆ ಹೊಸ ಅರ್ಥವನ್ನು ಹೊರಿಸಿದ ಒಂದು ಬಗೆಯೂ ಇದೆ. ಗಣಕ ಎಂಬುದೇ ಇದಕ್ಕೆ ನಿದರ್ಶನ. ಹಿಂದೆ ಲೆಕ್ಕ ಮಾಡುವ ಮನುಷ್ಯನಿಗೆ, ವಿಶೇಷವಾಗಿ ಜ್ಯೋತಿಷಿಗೆ, ಇದ್ದ ಹೆಸರು ಯಂತ್ರಕ್ಕೆ ಬಂದಿತು. ಇಂಗ್ಲಿಷಿನ ಕಂಪ್ಯೂಟರ್ ಎಂಬ ಪದದ ಚರಿತ್ರೆಯೂ ಇದೇ ಆಗಿದೆ. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಅದು ಲೆಕ್ಕ ಮಾಡುವ ನೌಕರರ ಹೆಸರಾಗಿಯೂ ಬಳಕೆಯಲ್ಲಿತ್ತು.

ಫೈಲ್ ಎಂಬುದಕ್ಕೆ ನಾವು ಬಳಸುವ ಕಡತ ಎಂಬ ಪದ ಇನ್ನೂ ಸ್ವಾರಸ್ಯಕರವಾದದ್ದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಮೂಲದ ಕಡತ. ಅದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಗಣಕದ ಕಡತಕ್ಕೂ ಇದೇ ಗುಣವಿರುವುದರಿಂದ ಹೆಸರು ಅನ್ವರ್ಥವಾಗಿದೆ. ಓಲೆಯಲ್ಲಿ ಲಿಪಿಕಾರನ ತಿದ್ದುಪಡಿ ಕಣ್ಣಿಗೆ ಕಾಣುತ್ತದೆ. ಕಡತದಲ್ಲಿ ಅಳಿಸಿದ್ದು ಗುರುತು ಉಳಿಸದು. ದತ್ತಾಂಶವೂ ಯೋಗ್ಯವಾದ ಪದ. ಡೇಟಾ ಎಂಬ ಲ್ಯಾಟಿನ್ ಪದಕ್ಕೆ ಕೊಡಲ್ಪಟ್ಟವು ಎಂದರ್ಥ. ಸಂಸ್ಕೃತದ ದತ್ತಕ್ಕೂ ಅದೇ ಅರ್ಥ, ಎರಡಕ್ಕೂ ಮೂಲ ಧಾತು ಒಂದೇ.

3. ಹಲಗೆ ಮತ್ತು ಓಲೆ

ಯಂತ್ರಾಂಶದಲ್ಲಿ ಪರದೆ, ಕೀಲಿಮಣೆ, ಮುದ್ರಕಗಳು ಕಣ್ಣಿಗೆ ಕಾಣುವಂಥವು. ಇವುಗಳ ವಿವರಣೆ ಇಲ್ಲಿ ಅನಗತ್ಯ. ಒಳಗಿರುವ ಮುಖ್ಯ ಭಾಗ ಸಂಸ್ಕಾರಕ. ಅದು ಒಂದು ಗಡಿಯಾರದ ಮಿಡಿತಕ್ಕೆ ತಕ್ಕಂತೆ ಕೆಲಸ ಮಾಡುತ್ತದೆ. ಐಬಿಎಂ ಸಂಸ್ಥೆ 1981ರಲ್ಲಿ ಹೊರತಂದ ವೈಯಕ್ತಿಕ ಗಣಕದಲ್ಲಿ ಈ ಮಿಡಿತ ಸೆಕೆಂಡಿಗೆ 47.7 ಲಕ್ಷ, ಇಂದಿನ ಯಂತ್ರಗಳಲ್ಲಿ ಅದು ಹಲವು ನೂರು ಕೋಟಿ. ಭಾಗಗಳ ನಡುವೆ ದತ್ತಾಂಶ ಸಾಗುವ ಹಾದಿಗೆ ಬಸ್ ಎಂದು ಹೆಸರು. ಎಲ್ಲರಿಗಾಗಿ ಎಂಬ ಅರ್ಥದ ಓಮ್ನಿಬಸ್ ಎಂಬ ಲ್ಯಾಟಿನ್ ಪದದ ತುಂಡು ಇದು.

ಸಂಶೋಧಕರು ತಪ್ಪದೆ ಬೇರ್ಪಡಿಸಿ ತಿಳಿಯಬೇಕಾದದ್ದು ಸ್ಮೃತಿ ಮತ್ತು ಸಂಗ್ರಹ ಎಂಬ ಎರಡನ್ನು. ವ್ಯವಹಾರದಲ್ಲಿ ಎರಡನ್ನೂ ಮೆಮೊರಿ ಎಂದೇ ಕರೆಯುತ್ತೇವೆ. ಗೊಂದಲಕ್ಕೆ ಇದೇ ಮೂಲ. ರ‍್ಯಾಮ್ ಎಂಬುದು ಕೆಲಸದ ವೇಳೆಯ ಸ್ಮೃತಿ. ನಾವು ಬೆರಳಚ್ಚು ಮಾಡಿದ ಅಕ್ಷರ ಮೊದಲು ಸೇರುವುದು ಅಲ್ಲಿಗೆ. ವಿದ್ಯುತ್ತು ನಿಂತ ಕೂಡಲೇ ಅಲ್ಲಿರುವುದೆಲ್ಲ ಮಾಯವಾಗುತ್ತದೆ. ಡಿಸ್ಕ್ ಎಂಬುದು ಸಂಗ್ರಹ. ವಿದ್ಯುತ್ತಿಲ್ಲದಿದ್ದರೂ ಬರಹ ಅಲ್ಲಿ ನಿಲ್ಲುತ್ತದೆ. ಮೊದಲನೆಯದು ಬಳಪದ ಹಲಗೆ, ಎರಡನೆಯದು ಓಲೆ. ಕರಡಿಗಾಗಿ ಹಲಗೆಯನ್ನು ಆಶ್ರಯಿಸದೆ ಕಾವ್ಯ ರಚಿಸಿದ್ದು ತನ್ನ ಹಿರಿಮೆಯೆಂದು ಕುಮಾರವ್ಯಾಸ ಹೇಳಿಕೊಂಡಿದ್ದಾನೆ. ಗಣಕದಲ್ಲಿ ಬರೆಯುವವರಿಗೆ ಆ ಹಿರಿಮೆ ಸಾಧ್ಯವಿಲ್ಲ. ಎಲ್ಲರೂ ಮೊದಲು ಹಲಗೆಯಲ್ಲಿ ಬರೆದು ಅನಂತರ ಓಲೆಗೆ ಇಳಿಸಬೇಕು. ಈ ಇಳಿಸುವಿಕೆಯೇ ಉಳಿಸು ಎಂಬ ಆಜ್ಞೆಯ ಅರ್ಥ. ಇಂದಿನ ತಂತ್ರಾಂಶಗಳಲ್ಲಿ ಕೆಲವು ಇದನ್ನು ತಾವಾಗಿಯೇ ಆಗಾಗ ಮಾಡುತ್ತವೆ. ಎಲ್ಲವೂ ಮಾಡುತ್ತವೆಂದು ನಂಬಿ ಕೂರುವಂತಿಲ್ಲ. ರಾಮ್ ಎಂಬುದರಿಂದ ಭಿನ್ನವಾದ ರೋಮ್ ಎಂಬುದೊಂದಿದೆ. ಯಂತ್ರ ಎಚ್ಚರಗೊಳ್ಳುವಾಗ ಏನು ಮಾಡಬೇಕೆಂಬ ಸೂಚನೆಗಳನ್ನು ತಯಾರಕರೇ ಅದರಲ್ಲಿ ಬರೆದಿರುತ್ತಾರೆ. ಅದನ್ನು ಶಿಲಾಶಾಸನಕ್ಕೆ ಹೋಲಿಸಬಹುದು. ಇಂದಿನ ಯಂತ್ರಗಳಲ್ಲಿ ಆ ಬರಹವನ್ನೂ ಬದಲಾಯಿಸಬಹುದಾಗಿದೆ. ಶಾಸನಗಳನ್ನೂ ತಿದ್ದಿದವರುಂಟೆಂಬುದನ್ನು ಇಲ್ಲಿ ಸ್ಮರಿಸಬಹುದು.

ಈಗ ಫಾರ್ಮ್ಯಾಟ್ ಎಂಬುದರ ಅರ್ಥವನ್ನು ನೋಡೋಣ. ಹೊಸ ತಟ್ಟೆಯಲ್ಲಿ ಬರೆಯುವ ಮೊದಲು ಅದನ್ನು ವೃತ್ತಾಕಾರದ ಪಥಗಳಾಗಿಯೂ ಪ್ರತಿ ಪಥವನ್ನು ಖಂಡಗಳಾಗಿಯೂ ವಿಭಾಗಿಸಬೇಕು. ಮೂರೂವರೆ ಅಂಗುಲದ ಫ್ಲಾಪಿಯಲ್ಲಿ ಎರಡು ಮಗ್ಗುಲು, ಮಗ್ಗುಲಿಗೆ 80 ಪಥ, ಪಥಕ್ಕೆ 18 ಖಂಡ, ಖಂಡಕ್ಕೆ 512 ಬೈಟ್. ಒಟ್ಟು 14,74,560 ಬೈಟ್. ಯಾವ ಕಡತ ಯಾವ ಖಂಡಗಳಲ್ಲಿದೆಯೆಂಬ ಒಂದು ಸೂಚಿಯೂ ತಟ್ಟೆಯಲ್ಲಿಯೇ ಇರುತ್ತದೆ. ಕಡತವನ್ನು ಅಳಿಸಿದಾಗ ಹಾಗೂ ಶೀಘ್ರ ವಿಧಾನದಿಂದ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಹೋಗುವುದು ಈ ಸೂಚಿ ಮಾತ್ರ. ಗ್ರಂಥಾಲಯದ ಸೂಚಿಪತ್ರಗಳನ್ನು ಸುಟ್ಟರೂ ಪುಸ್ತಕಗಳು ಕಪಾಟಿನಲ್ಲಿಯೇ ಇರುವಂತೆ, ಹಳೆಯ ಬರಹ ಅಲ್ಲಿಯೇ ಇರುತ್ತದೆ. ಅದರ ಮೇಲೆ ಹೊಸದನ್ನು ಬರೆಯುವವರೆಗೂ ಪರಿಣತರು ಅದನ್ನು ಮರಳಿ ಪಡೆಯಲು ಅವಕಾಶವಿರುತ್ತದೆ. 1998ರ ಆ ಸಂಜೆ ನಾವು ಯಂತ್ರವನ್ನು ಆರಿಸಿ ಪಕ್ಕಕ್ಕಿಟ್ಟಿದ್ದರೆ ನಾಲ್ಕನೆಯ ಪ್ರತಿಯ ಪಾಠಗಳು ಸಿಕ್ಕುವ ಸಾಧ್ಯತೆ ಇತ್ತು. ನಾವು ಮಾಡಿದ್ದು ಅದಕ್ಕೆ ವಿರುದ್ಧವಾದದ್ದು: ಮರುದಿನ ಬೆಳಗ್ಗೆಯೇ ಎಲ್ಲ ತಂತ್ರಾಂಶಗಳನ್ನೂ ಮತ್ತೆ ಹಾಕಿಸಿ, ಹಟದಿಂದ ಮೊದಲಿನಿಂದ ಬೆರಳಚ್ಚು ಆರಂಭಿಸಿದೆವು. ಹಳೆಯ ಪಾಠದ ಮೇಲೆ ಹೊಸ ಪಾಠವನ್ನು ನಾವೇ ಬರೆದು ಮುಚ್ಚಿದೆವು.

ಹಾರ್ಡ್ ಡಿಸ್ಕಿನಲ್ಲಿ ಬರಹ ಕಾಂತೀಯ ಗುರುತುಗಳಾಗಿಯೂ, ಎಸ್‌ಎಸ್‌ಡಿ ಹಾಗೂ ಪೆನ್‌ಡ್ರೈವ್‌ಗಳಲ್ಲಿ ವಿದ್ಯುದಾವೇಶವಾಗಿಯೂ ಇರುತ್ತದೆ. ಬಹುಕಾಲ ವಿದ್ಯುತ್ ಸಂಪರ್ಕವಿಲ್ಲದೆ ಬಿಟ್ಟರೆ ಆವೇಶ ಸೋರಿಹೋಗಬಹುದು. ಆದುದರಿಂದ ಪೆನ್‌ಡ್ರೈವ್ ಸಾಗಣೆಗೆ ಯೋಗ್ಯ, ಭಂಡಾರಕ್ಕೆ ಅಯೋಗ್ಯ. ಮಾಧ್ಯಮ ಉಳಿದರೂ ಅದನ್ನು ಓದುವ ಯಂತ್ರ ಉಳಿಯದೆ ಹೋಗುವುದೂ ಉಂಟು. ಸೋನಿ ಸಂಸ್ಥೆ ಮೂರೂವರೆ ಅಂಗುಲದ ಫ್ಲಾಪಿಗಳ ಮಾರಾಟವನ್ನು ಜಪಾನಿನಲ್ಲಿ 2011ರಲ್ಲಿ ನಿಲ್ಲಿಸಿತು. ಅಂಥ ಫ್ಲಾಪಿಗಳಲ್ಲಿ ಹಳೆಯ ಪ್ರಬಂಧಗಳನ್ನು ಇಟ್ಟುಕೊಂಡಿರುವವರು ಇನ್ನು ತಡಮಾಡಬಾರದು.

4. ಅಳತೆಯ ಮಾತು

ಗಣಕದ ಮೂಲ ಅಳತೆ ಬಿಟ್. ಸೊನ್ನೆ ಅಥವಾ ಒಂದು ಎಂಬ ಎರಡರಲ್ಲಿ ಒಂದನ್ನು ಹೇಳುವ ಘಟಕ ಅದು. ಕ್ಲಾಡ್ ಶಾನನ್ 1948ರ ತಮ್ಮ ಸಂವಹನ ಸಿದ್ಧಾಂತದ ಪ್ರಬಂಧದಲ್ಲಿ ಈ ಪದವನ್ನು ಬಳಸಿ, ಅದನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ನಮೂದಿಸಿದ್ದಾರೆ. ಬೈಟ್ ಎಂಬುದು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಕ್‌ಹೋಲ್ಟ್ಸ್ ರೂಪಿಸಿದ ಪದ. ಕಚ್ಚು ಎಂಬರ್ಥದ ಇಂಗ್ಲಿಷ್ ಪದವನ್ನೇ ಅವರು ಬೇರೆ ಕಾಗುಣಿತದಲ್ಲಿ ಬರೆದರು. ಬೆರಳಚ್ಚಿನಲ್ಲಿ ಒಂದಕ್ಷರ ಬಿಟ್ಟುಹೋದರೆ ಬೈಟ್ ಬಿಟ್ ಆಗಿಬಿಟ್ಟೀತೆಂಬುದೇ ಕಾರಣ. ಲಿಪಿಕಾರನ ಪ್ರಮಾದವನ್ನು ಮುಂಗಂಡು ಕಟ್ಟಿದ ಪದಗಳು ವಿರಳ. ಗ್ರಂಥಸಂಪಾದಕರಿಗೆ ಇದು ಮೆಚ್ಚುಗೆಯಾಗಬೇಕು. ಇಂದು ಎಂಟು ಬಿಟ್ಟುಗಳಿಗೆ ಒಂದು ಬೈಟ್.

ಸಂಗ್ರಹವನ್ನು ಬೈಟುಗಳಲ್ಲಿ ಅಳೆಯುತ್ತಾರೆ. ಸಂವಹನದ ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ. ನೂರು ಮೆಗಾಬಿಟ್ ವೇಗದ ಸಂಪರ್ಕವೆಂದರೆ ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್ ಎಂದು ತಿಳಿಯಬೇಕು. ಇನ್ನೊಂದು ತೊಡಕು ಕಿಲೋ ಎಂಬುದರದ್ದು. ಅದು ಕೆಲವೊಮ್ಮೆ 1000, ಕೆಲವೊಮ್ಮೆ 1024. ಫ್ಲಾಪಿಯ ಮೇಲೆ ಅಚ್ಚಾಗಿರುತ್ತಿದ್ದ 1.44 ಮೆಗಾಬೈಟ್ ಎಂಬ ಲೆಕ್ಕದಲ್ಲಿ ಎರಡೂ ಬೆರೆತಿವೆ. ಅಲ್ಲಿ ಒಂದು ಮೆಗಾ ಎಂದರೆ 1000 ಗುಣಿಸು 1024. ಈ ಗೊಂದಲದ ನಿವಾರಣೆಗಾಗಿ 1998ರಲ್ಲಿ 1024ರ ಮಾನಕ್ಕೆ ಕಿಬಿ, ಮೆಬಿ ಮೊದಲಾದ ಪ್ರತ್ಯೇಕ ಹೆಸರುಗಳನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಗೊತ್ತುಪಡಿಸಲಾಯಿತು. ಅವು ಜನಬಳಕೆಗೆ ಅಷ್ಟಾಗಿ ಇಳಿದಿಲ್ಲ.

ಒಂದು ಲೆಕ್ಕವನ್ನು ನೋಡೋಣ. ಹದಿನೆಂಟು ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ಓಲೆಯನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಬಣ್ಣದಲ್ಲಿ ಛಾಯೆ ತೆಗೆದರೆ 97,20,000 ಚುಕ್ಕೆಗಳಾಗುತ್ತವೆ. ಚುಕ್ಕೆಗೆ ಮೂರು ಬೈಟ್ ಎಂದರೆ ಒಂದು ಮಗ್ಗುಲಿಗೆ 2,91,60,000 ಬೈಟ್. ನೂರು ಗರಿಗಳ ಕಟ್ಟಿನ ಎರಡು ಮಗ್ಗುಲಿಗೆ ಸುಮಾರು 583 ಕೋಟಿ ಬೈಟ್. ಸೆಕೆಂಡಿಗೆ 28,800 ಬಿಟ್ ಸಾಗಿಸುತ್ತಿದ್ದ ಹಳೆಯ ಮೋಡೆಮಿನಲ್ಲಿ ಇದನ್ನು ಕಳುಹಿಸಲು ಹದಿನೆಂಟು ದಿನಗಳಿಗಿಂತ ಹೆಚ್ಚು ಬೇಕಾಗುತ್ತಿತ್ತು. ನೂರು ಮೆಗಾಬಿಟ್ ಸಂಪರ್ಕದಲ್ಲಿ, ಪೂರ್ಣ ವೇಗ ದೊರೆತರೆ, ಎಂಟು ನಿಮಿಷ ಸಾಕು. ಅನೇಕ ಸಂಪರ್ಕಗಳಲ್ಲಿ ಏರಿಸುವ ವೇಗ ಇಳಿಸುವ ವೇಗಕ್ಕಿಂತ ಕಡಿಮೆ ಇರುತ್ತದೆಂಬುದನ್ನೂ ಕಳುಹಿಸುವವರು ಗಮನಿಸಬೇಕು. ಗಾತ್ರ ತಗ್ಗಿಸಲು ಬಳಸುವ ಜೆಪೆಗ್ ವಿಧಾನ ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಡುತ್ತದೆ. ಅರ್ಧ ಅಳಿಸಿದ ಅಕ್ಷರದ ಗೆರೆ ಇಂಥ ವಿವರವೇ ಆಗಿರಬಹುದು. ಆದುದರಿಂದ ಮೂಲಪ್ರತಿಯ ಛಾಯೆಯನ್ನು ನಷ್ಟವಿಲ್ಲದ ರೂಪದಲ್ಲಿಯೇ ಇರಿಸಿಕೊಳ್ಳಬೇಕು.

5. ಅಕ್ಷರ ಮತ್ತು ಸಂಕೇತ

ಯಂತ್ರದೊಳಗೆ ಅಕ್ಷರಗಳಿಲ್ಲ, ಸಂಖ್ಯೆಗಳಷ್ಟೇ ಇವೆ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಒಪ್ಪಂದಕ್ಕೆ ಸಂಕೇತವ್ಯವಸ್ಥೆ ಎಂದು ಹೆಸರು. ಆ ಅಕ್ಷರವನ್ನು ಪರದೆಯ ಮೇಲೆ ಬಿಡಿಸುವ ಆಕಾರಗಳ ಸಂಚಯಕ್ಕೆ ಫಾಂಟ್ ಎಂದು ಹೆಸರು. ಈ ಎರಡನ್ನು ಒಂದೇ ಎಂದು ಭಾವಿಸಿದ್ದರಿಂದ ಕನ್ನಡಕ್ಕೆ ಆದ ಹಾನಿ ಸಣ್ಣದಲ್ಲ.

1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತ ಏಳು ಬಿಟ್ಟುಗಳದ್ದು. ಅದರಲ್ಲಿ 128 ಸ್ಥಾನಗಳು. ಎಂಟನೆಯ ಬಿಟ್ಟನ್ನು ಸೇರಿಸಿಕೊಂಡರೆ ಇನ್ನೂ 128 ಸ್ಥಾನಗಳು ದೊರೆಯುತ್ತವೆ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಪ್ರಕಟಿಸಿದ ಇಸ್ಕಿ ಸಂಕೇತ ಈ ಮೇಲಿನ ಅರ್ಧದಲ್ಲಿ ಭಾರತೀಯ ಲಿಪಿಗಳಿಗೆ ಎಡೆ ಕಲ್ಪಿಸಿತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಒಂದೇ ಪಟ್ಟಿ. ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಒಂದೇ ಸಂಖ್ಯೆ.

ಆದರೆ 1990ರ ದಶಕದ ಮುದ್ರಣ ತಂತ್ರಾಂಶಗಳಲ್ಲಿ ಬಹಳಷ್ಟು ಬೇರೆ ದಾರಿ ಹಿಡಿದವು. ಅಕ್ಷರಕ್ಕೆ ಸಂಖ್ಯೆ ಕೊಡುವ ಬದಲು ಅಕ್ಷರದ ತುಂಡುಗಳ ಆಕಾರಕ್ಕೆ ಸಂಖ್ಯೆ ಕೊಟ್ಟವು. ಧರ್ಮ ಎಂಬ ಪದದಲ್ಲಿ ಉಚ್ಚಾರಣೆಯ ಕ್ರಮ ಧ, ರ್, ಮ. ಇಂಥ ಫಾಂಟುಗಳಲ್ಲಿ ಸಂಗ್ರಹವಾದ ಕ್ರಮ ಧ, ಮ, ಅರ್ಕಾವೊತ್ತು. ಒಬ್ಬೊಬ್ಬ ತಯಾರಕರದ್ದು ಒಂದೊಂದು ಪಟ್ಟಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಬಳಕೆದಾರರು ಈ ಬಗೆಯ ಕಡತಗಳನ್ನು ಆಸ್ಕಿ ಎಂದು ಕರೆಯುವ ರೂಢಿಯಿದೆ. ಅದು ತಪ್ಪು ಹೆಸರು. ಹೊರನಾಡಿನ ತಂತ್ರಜ್ಞನಿಗೆ ಆಸ್ಕಿ ಎಂದರೆ ಅವನು ಇಂಗ್ಲಿಷ್ ಕಡತವೆಂದು ತಿಳಿಯುತ್ತಾನೆ. ಇದು ಯೂನಿಕೋಡ್ ಅಲ್ಲದ, ಇಂಥ ಹೆಸರಿನ ಫಾಂಟಿನ ಸಂಕೇತದಲ್ಲಿರುವ ಕಡತ ಎಂದೇ ಹೇಳಬೇಕು. ಫಾಂಟಿನ ಹೆಸರು ತಿಳಿದರೆ ಪರಿವರ್ತಕ ತಂತ್ರಾಂಶವನ್ನು ಹುಡುಕಬಹುದು. ತಿಳಿಯದಿದ್ದರೆ ಕಡತ ಓದಲಾಗದ ಲಿಪಿಯ ಶಾಸನವಾಗಿಬಿಡುತ್ತದೆ.

1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಪ್ರತಿ ಲಿಪಿಗೂ ಪ್ರತ್ಯೇಕ ಸ್ಥಾನಗಳನ್ನು ನೀಡಿತು. ಕನ್ನಡಕ್ಕೆ ದೊರೆತ ಖಂಡದಲ್ಲಿ 128 ಸ್ಥಾನಗಳಿವೆ. ಕನ್ನಡ ಎಂಬ ಪದ ಇದರಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಸಂಕೇತಗಳಾಗುತ್ತದೆ. ಇಂದು ಬಹುವಾಗಿ ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಅದಕ್ಕೆ ಹದಿನೈದು ಬೈಟ್ ಬೇಕು.

ಹಳಗನ್ನಡದ ವಿದ್ಯಾರ್ಥಿಗಳು ಇಲ್ಲಿ ಎರಡು ಸಂಗತಿಗಳನ್ನು ಅರಿತಿರಬೇಕು. ಮೊದಲನೆಯದು ೞಕಾರದ ವಿಚಾರ. ಱ ಮತ್ತು ೞ ಎರಡೂ ಯೂನಿಕೋಡಿನಲ್ಲಿವೆ. ಆದರೆ ೞಕಾರಕ್ಕೆ ಅಲ್ಲಿ ದಾಖಲಾದ ಹೆಸರು ಎಫ್‌ಎ, ಅಂದರೆ ಫಕಾರ ಎಂಬಂತೆ. ಇದು ಸ್ಪಷ್ಟವಾದ ಪ್ರಮಾದ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮವಾದುದರಿಂದ ತಪ್ಪು ಹೆಸರು ಹಾಗೆಯೇ ನಿಂತಿದೆ. ಸರಿಯಾದದ್ದನ್ನು ಪರ್ಯಾಯ ನಾಮವಾಗಿ ಸೇರಿಸಿದ್ದಾರೆ. ಪಟ್ಟಿಯಲ್ಲಿ ೞಕಾರವನ್ನು ಹುಡುಕುವವರು ಅದರ ಹೆಸರನ್ನು ನಂಬಿದರೆ ಅದು ಇಲ್ಲವೆಂದೇ ತೀರ್ಮಾನಿಸಿಯಾರು. ಎರಡನೆಯದು, ಕೊ ಎಂಬಂಥ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಸಾಧ್ಯವಿದೆ. ಕಣ್ಣಿಗೆ ಎರಡೂ ಒಂದೇ; ಯಂತ್ರ ಅವನ್ನು ಬೇರೆ ಎಂದು ಎಣಿಸಬಹುದು. ಪದಪ್ರಯೋಗ ಸೂಚಿಯಲ್ಲಿ ಕೆಲವು ಪ್ರಯೋಗಗಳು ತಪ್ಪಿಹೋದರೆ ಇದೂ ಒಂದು ಕಾರಣವಿರಬಹುದು.

6. ದತ್ತಾಂಶ ಸಂವಹನ

ದೂರವಾಣಿಯ ತಂತಿ ಧ್ವನಿಗಾಗಿ ಹಾಕಿದ್ದು. ಅಂಕಿಗಳನ್ನು ಧ್ವನಿಯ ಅಲೆಗಳಾಗಿ ಮಾರ್ಪಡಿಸಿ ಕಳುಹಿಸುವುದು, ಅತ್ತ ಕಡೆ ಮತ್ತೆ ಅಂಕಿಗಳಾಗಿ ಬಿಡಿಸಿಕೊಳ್ಳುವುದು ಮೋಡೆಮಿನ ಕೆಲಸ. ಮಾಡ್ಯುಲೇಟರ್ ಮತ್ತು ಡಿಮಾಡ್ಯುಲೇಟರ್ ಎಂಬ ಎರಡು ಪದಗಳ ಆದ್ಯಕ್ಷರಗಳಿಂದ ಕಟ್ಟಿದ ಹೆಸರು ಅದು. ನಮ್ಮ ದೇಶದಲ್ಲಿ ಶಿಕ್ಷಣ ಹಾಗೂ ಸಂಶೋಧನೆಗಾಗಿ ಅರ್ನೆಟ್ ಜಾಲದ ಕೆಲಸ 1986ರಲ್ಲಿ ಆರಂಭವಾಯಿತು. ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಮೋಡೆಮಿನ ವೇಗ ಹೇಳುವಾಗ ಬಾಡ್ ಮತ್ತು ಬಿಟ್ ಎಂಬ ಎರಡು ಪದಗಳನ್ನು ಒಂದರ ಬದಲು ಒಂದು ಬಳಸುವುದುಂಟು. ಫ್ರಾನ್ಸಿನ ತಂತಿ ಇಂಜಿನಿಯರ್ ಎಮಿಲ್ ಬೋದೋ ಅವರ ಹೆಸರಿನಿಂದ ಬಂದ ಬಾಡ್, ಸೆಕೆಂಡಿಗೆ ತಂತಿಯ ಸ್ಥಿತಿ ಎಷ್ಟು ಬಾರಿ ಬದಲಾಗುತ್ತದೆಂಬುದರ ಅಳತೆ. ಒಂದೊಂದು ಬದಲಾವಣೆಯೂ ಹಲವು ಬಿಟ್ಟುಗಳನ್ನು ಹೊರಬಹುದು. 2400 ಬಿಟ್ ವೇಗದ ಒಂದು ಪ್ರಸಿದ್ಧ ಮಾನಕದಲ್ಲಿ ಬಾಡ್ ಸಂಖ್ಯೆ ಕೇವಲ 600. ಪ್ರತಿಯೊಂದರಲ್ಲಿಯೂ ನಾಲ್ಕು ಬಿಟ್. ಛಂದಸ್ಸನ್ನು ಬಲ್ಲವರಿಗೆ ಇದು ಹೊಸತಲ್ಲ. ಪಾದದ ಅಕ್ಷರಗಳ ಎಣಿಕೆ ಬೇರೆ, ಮಾತ್ರೆಗಳ ಎಣಿಕೆ ಬೇರೆ. ಒಂದೇ ಅಕ್ಷರವಾದ ಗುರು ಎರಡು ಮಾತ್ರೆಗಳನ್ನು ಹೊರುತ್ತದೆ. ಬಾಡ್ ಅಕ್ಷರದ ಎಣಿಕೆ, ಬಿಟ್ ಮಾತ್ರೆಯ ಎಣಿಕೆ ಎಂದು ನೆನಪಿಟ್ಟರೆ ಸಾಕು.

ಆ ಕಾಲದ ಸಂವಹನದಲ್ಲಿ ಎಂಟನೆಯ ಬಿಟ್ಟಿನ ಪಾತ್ರ ದೊಡ್ಡದು. ಆಸ್ಕಿಗೆ ಏಳು ಬಿಟ್ ಸಾಕಾದುದರಿಂದ ಎಂಟನೆಯದನ್ನು ಪ್ಯಾರಿಟಿ ಎಂಬ ಕಾವಲಿಗೆ ಬಳಸುವ ಪದ್ಧತಿಯಿತ್ತು. ಏಳರಲ್ಲಿ ಒಂದು ಎಂಬ ಅಂಕಿ ಬೆಸಸಂಖ್ಯೆಯಲ್ಲಿ ಬಂದಿದ್ದರೆ ಎಂಟನೆಯ ಸ್ಥಾನದಲ್ಲಿ ಇನ್ನೊಂದನ್ನು ಸೇರಿಸಿ ಸರಿಸಂಖ್ಯೆ ಮಾಡುವುದು. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಎಣಿಕೆ ತಪ್ಪುತ್ತದೆ, ದೋಷ ಗೊತ್ತಾಗುತ್ತದೆ. ನಮ್ಮ ಕಾವ್ಯಗಳಲ್ಲಿ ಎರಡನೆಯ ಅಕ್ಷರದ ಪ್ರಾಸ ಇಂಥದೇ ಕಾವಲು. ಪ್ರಾಸ ತಪ್ಪಿದ ಸಾಲನ್ನು ಕಂಡೊಡನೆ ಲಿಪಿಕಾರ ಇಲ್ಲಿ ಎಡವಿದ್ದಾನೆಂದು ಸಂಪಾದಕ ಗ್ರಹಿಸುತ್ತಾನೆ. ಎರಡಕ್ಕೂ ಮಿತಿಯೂ ಇದೆ: ದೋಷವಿದೆಯೆಂದು ತಿಳಿಯುತ್ತದೆ, ಸರಿಯಾದ ಪಾಠ ಯಾವುದೆಂದು ತಿಳಿಯುವುದಿಲ್ಲ, ಎರಡು ದೋಷಗಳು ಒಂದನ್ನೊಂದು ಮುಚ್ಚಿಬಿಡಬಹುದು.

ಇಸ್ಕಿಯ ಕನ್ನಡ ನೆಲೆಸಿದ್ದದ್ದು ಇದೇ ಎಂಟನೆಯ ಬಿಟ್ಟಿನ ಆಶ್ರಯದಲ್ಲಿ. ಏಳೇ ಬಿಟ್ಟುಗಳನ್ನು ಸಾಗಿಸುವ ಮಾರ್ಗಕ್ಕೆ ಅಂಥ ಕಡತ ಸಿಕ್ಕಿದರೆ ಪ್ರತಿ ಅಕ್ಷರದ ಸಂಖ್ಯೆಯಿಂದಲೂ 128 ಕಳೆದುಹೋಗುತ್ತದೆ. ಇಸ್ಕಿಯಲ್ಲಿ ಕ 179, ನ 198, ವಿರಾಮ 232, ಡ 191. ಕನ್ನಡ ಎಂಬ ಪದ ಕಳುಹಿಸಿದರೆ ಅತ್ತ ಕಡೆ ಬರುವ ಸಂಖ್ಯೆಗಳು 51, 70, 104, 70, 63. ಆಸ್ಕಿಯಲ್ಲಿ ಅವು ಮೂರು ಎಂಬ ಅಂಕಿ, ಎಫ್, ಸಣ್ಣ ಎಚ್, ಎಫ್, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ವಿದ್ಯುನ್ಮಾನ ಅಂಚೆಯ 1982ರ ನಿಯಮಾವಳಿ ಏಳು ಬಿಟ್ಟುಗಳದ್ದೇ ಆಗಿತ್ತು. 1992ರಲ್ಲಿ ಬಂದ ಮೈಮ್ ಎಂಬ ವಿಧಾನ, ಮೂರು ಬೈಟುಗಳನ್ನು ನಾಲ್ಕು ಸುರಕ್ಷಿತ ಆಸ್ಕಿ ಅಕ್ಷರಗಳಾಗಿ ಬಿಡಿಸಿ ಬರೆಯುವ ಮಾರ್ಗವನ್ನೂ ಒಳಗೊಂಡು, ಈ ತೊಡಕನ್ನು ಪರಿಹರಿಸಿತು. ಲಗತ್ತಿಸಿದ ಕಡತ ಅಂಚೆಯಲ್ಲಿ ಮೂರನೆಯ ಒಂದು ಭಾಗದಷ್ಟು ಹಿಗ್ಗುವುದು ಈ ಕಾರಣದಿಂದಲೇ.

ಅಂತರಜಾಲದಲ್ಲಿ ಪಠ್ಯ ಅಖಂಡವಾಗಿ ಸಾಗುವುದಿಲ್ಲ. ಪೊಟ್ಟಣಗಳಾಗಿ ಒಡೆದು ಸಾಗುತ್ತದೆ. ಪ್ಯಾಕೆಟ್ ಎಂಬ ಹೆಸರು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಅವರದು. ಪ್ರತಿ ಪೊಟ್ಟಣದ ಮೇಲೂ ಹೊರಟ ಹಾಗೂ ಸೇರಬೇಕಾದ ವಿಳಾಸಗಳಿರುತ್ತವೆ. ಒಳಗಿನ ಪಠ್ಯಕ್ಕೆ ಕ್ರಮಸಂಖ್ಯೆಯೂ ಇರುತ್ತದೆ. ಗರಿಯ ಅಂಚಿನಲ್ಲಿ ಸಂಖ್ಯೆ ಬರೆದಿದ್ದರೆ ದಾರ ಹರಿದು ಗರಿಗಳು ಚೆದರಿದರೂ ಕಟ್ಟನ್ನು ಮತ್ತೆ ಜೋಡಿಸಬಹುದಲ್ಲವೆ? ಇಲ್ಲಿಯೂ ಹಾಗೆಯೇ. ಟಿಸಿಪಿ ಎಂಬ ನಿಯಮಾವಳಿ ಪೊಟ್ಟಣಗಳನ್ನು ಕ್ರಮಕ್ಕೆ ತಂದು, ಬಾರದಿರುವುದನ್ನು ಮತ್ತೆ ತರಿಸಿಕೊಳ್ಳುತ್ತದೆ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಮಂಡಿಸಿದ ಈ ವಿಧಾನವನ್ನು ಅಮೆರಿಕದ ಅರ್ಪಾನೆಟ್ ಜಾಲ 1983ರ ಜನವರಿ 1ರಂದು ಅಂಗೀಕರಿಸಿತು. ಇಂಥ ನಿಯಮಾವಳಿಗೆ ಪ್ರೋಟೋಕಾಲ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಮೊದಲು ಅಂಟಿಸಿದ್ದು ಎಂದರ್ಥ. ಪಪೈರಸ್ ಸುರುಳಿಯ ಮೊದಲಿಗೆ ಅಂಟಿಸುತ್ತಿದ್ದ ಹಾಳೆಯದು ಆ ಹೆಸರು. ಹಸ್ತಪ್ರತಿಯ ಲೋಕದಿಂದ ಹೊರಟ ಪದವೇ ಇಲ್ಲಿಗೆ ಬಂದಿದೆ.

ತಲುಪಿದ ಕಡತ ಕಳುಹಿಸಿದ್ದೇ ಹೌದೆ ಎಂದು ಪರೀಕ್ಷಿಸಲು ಚೆಕ್‌ಸಮ್ ಎಂಬ ಮೊತ್ತವನ್ನು ಬಳಸುತ್ತಾರೆ. ಹಸ್ತಪ್ರತಿಗಳ ಕೊನೆಯಲ್ಲಿ ಸಂಧಿಗಳ ಹಾಗೂ ಪದ್ಯಗಳ ಒಟ್ಟು ಎಣಿಕೆಯನ್ನು ಬರೆದಿಡುವ ಪದ್ಧತಿಯನ್ನು ನಾವೆಲ್ಲ ಬಲ್ಲೆವು. ಅದರಿಂದ ನಡುವೆ ಬಿಟ್ಟುಹೋದದ್ದು ಪತ್ತೆಯಾಗುತ್ತದೆ. ಚೆಕ್‌ಸಮ್ ಅದರ ಸೂಕ್ಷ್ಮರೂಪ. ಒಂದು ಅಲ್ಪವಿರಾಮ ಬದಲಾದರೂ ಮೊತ್ತ ಬೇರೆಯಾಗುತ್ತದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಂಶೋಧಕರು ತಮಗೆ ತಾವೇ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು ಹೊರಡುತ್ತವೆ. ಪಠ್ಯ ಈಗ ಎಲ್ಲಿದೆ, ಹಲಗೆಯಲ್ಲೋ ಓಲೆಯಲ್ಲೋ? ಯಾವ ಸಂಕೇತದಲ್ಲಿದೆ? ಯಾವ ಮಾರ್ಗದಿಂದ ಸಾಗಿತು? ಹೊರಟದ್ದೇ ತಲುಪಿತೆ? ಈ ನಾಲ್ಕಕ್ಕೂ ಉತ್ತರಿಸಬಲ್ಲವರು ಯಾವ ಊರಿನ ಯಾವ ತಂತ್ರಜ್ಞನೊಡನೆಯೂ ತಮ್ಮ ಕೆಲಸಕ್ಕೆ ಬೇಕಾಗುವಷ್ಟು ಮಾತನಾಡಬಲ್ಲರು. ಯಂತ್ರವನ್ನು ಒಪ್ಪಿಸುವ ಮೊದಲು, ಇದರಲ್ಲಿರುವ ಒಂದು ಕಡತವೂ ಅಳಿಯಕೂಡದು ಎಂದು ಬರೆದುಕೊಡುವುದು ಒಳ್ಳೆಯದು.

ಇನ್ನುಳಿದದ್ದು ಪ್ರತಿಗಳ ಸಂಖ್ಯೆ. ಪೊನ್ನನ ಭುವನೈಕರಾಮಾಭ್ಯುದಯ, ರನ್ನನ ಪರಶುರಾಮಚರಿತ ಇಂದು ನಮಗೆ ದೊರೆತಿಲ್ಲ. ಕವಿಯ ಮಹತ್ತ್ವ ಕೃತಿಯನ್ನು ಉಳಿಸಲಿಲ್ಲ. ಉಳಿದ ಕೃತಿಗಳನ್ನು ಉಳಿಸಿದ್ದು ಬೇರೆ ಬೇರೆ ಊರುಗಳಲ್ಲಿ ಕುಳಿತು ಪ್ರತಿ ಮಾಡಿದ ಲಿಪಿಕಾರರು. ಗಣಕದ ಕಡತಕ್ಕೂ ಬೇರೆ ರಕ್ಷೆಯಿಲ್ಲ. ಮೋಡವೆಂದು ಕರೆಯುವ ದೂರದ ಸಂಗ್ರಹವೂ ಯಾವುದೋ ಕಟ್ಟಡದಲ್ಲಿರುವ ಇನ್ನೊಬ್ಬರ ಡಿಸ್ಕೇ. ಅದನ್ನು ಒಂದು ಪ್ರತಿಯೆಂದು ಎಣಿಸಬೇಕೇ ಹೊರತು ಶಾಶ್ವತ ಭಂಡಾರವೆಂದಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಬೇರೆ ಊರಿನಲ್ಲಿ. ಮುಂಬಯಿಯವರು ಹೈದರಾಬಾದಿನ ಸ್ನೇಹಿತರಲ್ಲಿ, ಚೆನ್ನೈಯವರು ದೆಹಲಿಯ ಸ್ನೇಹಿತರಲ್ಲಿ ಒಂದೊಂದು ಪ್ರತಿ ಇರಿಸಿದರೆ, ಹೊರನಾಡಿನಲ್ಲಿ ಚೆದರಿರುವುದು ನಮಗೆ ಅನುಕೂಲವೇ ಆದೀತು. ಕೈಬರಹದ ಟಿಪ್ಪಣಿಗಳನ್ನಂತೂ ಯಾವ ಕಾರಣಕ್ಕೂ ಎಸೆಯಬಾರದು.